ಮೀನ್ಗಣ್ಣಿನ ಮಸೂರ: ಆರಂಭಿಕ ಇತಿಹಾಸ

ಸುಮಾರು 180 ಡಿಗ್ರಿಯಷ್ಟು ವಿಶಾಲವಾದ ನೋಟವನ್ನು ಒಂದೇ ವೃತ್ತಾಕಾರದ ಬಿಂಬದಲ್ಲಿ ಹಿಡಿಯುವ ಕ್ಯಾಮೆರಾ ಮಸೂರವನ್ನು ಮೀನ್ಗಣ್ಣಿನ ಮಸೂರ (ಫಿಶ್‌ಐ ಲೆನ್ಸ್) ಎನ್ನುತ್ತಾರೆ. ಈ ಹೆಸರಿಗೆ ಮೂಲ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1906ರಲ್ಲಿ ಪ್ರಕಟಿಸಿದ ಲೇಖನ. ಬೆಳಕು ಗಾಳಿಯಿಂದ ನೀರಿಗೆ ಇಳಿಯುವಾಗ ಬಾಗುವುದರಿಂದ, ಅಂದರೆ ವಕ್ರೀಭವನಗೊಳ್ಳುವುದರಿಂದ, ನೀರೊಳಗಿನಿಂದ ಮೇಲೆ ನೋಡುವ ಮೀನಿಗೆ ದಿಗಂತದಿಂದ ದಿಗಂತದವರೆಗಿನ ಹೊರಜಗತ್ತೆಲ್ಲ ಸುಮಾರು 97 ಡಿಗ್ರಿ ಅಗಲದ ಬೆಳಕಿನ ವೃತ್ತದೊಳಗೆ ಅಡಕವಾಗಿ ಕಾಣುತ್ತದೆ. ಇದನ್ನು ತೋರಿಸಲು ವುಡ್ ಬಕೆಟ್ಟಿನ ತಳದಲ್ಲಿ ಛಾಯಾಚಿತ್ರ ಫಲಕವಿಟ್ಟು, ಅದರ ಮೇಲೆ ಸೂಜಿರಂಧ್ರವನ್ನು ಅಳವಡಿಸಿ, ನೀರು ತುಂಬಿ ಚಿತ್ರ ತೆಗೆದನು; ಉಪಕರಣದ ಸರಳತೆಯೇ ಈ ಪ್ರಯೋಗದ ಹಿರಿಮೆ.

1922ರಲ್ಲಿ ಬ್ರಿಟನ್ನಿನ ಡಬ್ಲ್ಯು. ಎನ್. ಬಾಂಡ್ ನೀರಿನ ಬದಲು ಗಾಜಿನ ಅರ್ಧಗೋಳವನ್ನು ಬಳಸಿದನು. ಮುಂದೆ ದ್ಯುತಿಸಂಶ್ಲೇಷಣೆಯ ಸಂಶೋಧನೆಯಿಂದ ಹೆಸರಾದ ರಾಬಿನ್ ಹಿಲ್, ಎದುರಿಗೆ ಬೆಳಕನ್ನು ಚದುರಿಸುವ ದೊಡ್ಡ ಬಾಗುಮಸೂರವನ್ನಿರಿಸಿ ಇಡೀ ಆಕಾಶವನ್ನು ಸೆರೆಹಿಡಿಯುವ ಮಸೂರವನ್ನು ರೂಪಿಸಿ, 1924ರಲ್ಲಿ ಅದರ ವಿವರ ಪ್ರಕಟಿಸಿದನು. ಇಬ್ಬರ ಗುರಿಯೂ ಮೋಡಗಳ ದಾಖಲೆಯಾಗಿತ್ತು. ಸರಳರೇಖೆಗಳನ್ನು ಸರಳವಾಗಿಯೇ ಉಳಿಸುವ ಸಾಮಾನ್ಯ ಮಸೂರದಲ್ಲಿ 180 ಡಿಗ್ರಿಯ ನೋಟಕ್ಕೆ ಅಪರಿಮಿತ ಗಾತ್ರದ ಫಲಕವೇ ಬೇಕಾಗುವುದರಿಂದ, ಇಲ್ಲಿ ಅಂಚಿನ ಗೆರೆಗಳು ಬಾಗುವುದನ್ನು ದೋಷವೆನ್ನುವುದು ಸರಿಯಲ್ಲ.

ಜಪಾನಿನ ನಿಪ್ಪಾನ್ ಕೊಗಾಕು ಸಂಸ್ಥೆ 1938ರಲ್ಲಿ 16 ಮಿ.ಮೀ. ಮೀನ್ಗಣ್ಣಿನ ಮಸೂರವನ್ನು ತಯಾರಿಸಿತು. 1962ರಲ್ಲಿ ಅದೇ ಸಂಸ್ಥೆ ಹೊರತಂದ 8 ಮಿ.ಮೀ. ನಿಕ್ಕೋರ್ ಮಸೂರವು 35 ಮಿ.ಮೀ. ಕ್ಯಾಮೆರಾಗಳಿಗೆ ಹೊಂದುತ್ತಿದ್ದು, ಹವಾಮಾನ ವೀಕ್ಷಕರ ಈ ಸಾಧನವನ್ನು ಸಾಮಾನ್ಯ ಛಾಯಾಗ್ರಾಹಕರಿಗೂ ತಲುಪಿಸಿತು.