ಹಿಮದಡಿಯಲ್ಲೂ ಕೊಳೆಯುವ ತರಗೆಲೆ

ನೈವಾಟ್ ರಿಡ್ಜ್, ರಾಕಿ ಪರ್ವತಶ್ರೇಣಿ, ಕೊಲರಾಡೊ, ಅಮೆರಿಕ
ಕಾಡಿನ ಎತ್ತರ: ಸುಮಾರು 3,000 ಮೀಟರ್

ಸ್ಪ್ರೂಸ್, ಫರ್, ಪೈನ್ ಮರಗಳ ಈ ಕಾಡಿನ ನೆಲ ವರ್ಷದಲ್ಲಿ ಹಲವು ತಿಂಗಳು ಹಿಮದಡಿ ಇರುತ್ತದೆ. ಹೊರಗೆ ಕೊರೆಯುವ ಚಳಿಯಿದ್ದರೂ, ಒಳಗೆ ಗಾಳಿಯನ್ನು ಹಿಡಿದಿಟ್ಟುಕೊಂಡ ದಪ್ಪ ಹಿಮ ಕಂಬಳಿಯಂತೆ ನೆಲವನ್ನು ಕಾಯುತ್ತದೆ. ಮಣ್ಣಿನ ಉಷ್ಣಾಂಶ 0 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಉಳಿಯುತ್ತದೆ.

ಕೊಳೆಯುವ ಬಗೆ
ನೀರು ಹೆಪ್ಪುಗಟ್ಟಿ ಕರಗುವಾಗ ಎಲೆಯ ಜೀವಕೋಶಗಳು ಒಡೆಯುತ್ತವೆ. ಸಕ್ಕರೆಯಂಥ ಕರಗುವ ಅಂಶಗಳು ಮೊದಲು ತೊಳೆದುಹೋಗುತ್ತವೆ. ಹೆಪ್ಪುಗಟ್ಟದೆ ಉಳಿದ ತೆಳು ನೀರಿನ ಪದರದಲ್ಲಿ ಚಳಿಗೆ ಒಗ್ಗಿದ ಶಿಲೀಂಧ್ರ, ಬ್ಯಾಕ್ಟೀರಿಯಾಗಳು ಸೆಲ್ಯುಲೋಸನ್ನು ನಿಧಾನವಾಗಿ ಒಡೆಯುತ್ತವೆ. ಗಡುಸಾದ ಲಿಗ್ನಿನ್ ಕೊಳೆಯುವುದು ಕೊನೆಗೆ. ಆದ್ದರಿಂದಲೇ ಸೂಜಿ ಎಲೆಗಳು ನೆಲದ ಮೇಲೆ ವರ್ಷಗಟ್ಟಲೆ ಉಳಿಯುತ್ತವೆ. ಸೂಕ್ಷ್ಮಜೀವಿಗಳು ಬಿಡುವ ಇಂಗಾಲದ ಡೈಆಕ್ಸೈಡ್ ಹಿಮದ ರಂಧ್ರಗಳ ಮೂಲಕ ಹೊರಬರುತ್ತದೆ. ವಿಜ್ಞಾನಿಗಳು ಅದನ್ನು ಇಲ್ಲಿ ಚಳಿಗಾಲದಲ್ಲೂ ಅಳೆದಿದ್ದಾರೆ.

ಹಿಮ ತೆಳುವಾದರೆ
ಹಿಮ ಕಡಿಮೆಯಿದ್ದ ವರ್ಷಗಳಲ್ಲಿ ಮಣ್ಣು ಇನ್ನಷ್ಟು ತಣ್ಣಗಾಗಿ ಸೂಕ್ಷ್ಮಜೀವಿಗಳ ಉಸಿರಾಟ ಕುಗ್ಗಿತೆಂದು 2006ರಲ್ಲಿ ಪ್ರಕಟವಾದ ಇಲ್ಲಿನ ಅಧ್ಯಯನ ತೋರಿಸಿತು. ಕೊಳೆತ ಎಲೆಯ ಸಾರಜನಕವೇ ಮರಗಳಿಗೆ ಮತ್ತೆ ಆಹಾರ. ಹಾಗಾಗಿ ಹಿಮದ ದಪ್ಪ ಕಾಡಿನ ಬದುಕನ್ನೇ ತಟ್ಟುವ ಸಂಗತಿ.

ಗುರುತಿಸಿದ ದಾರಿಯಲ್ಲೇ ನಡೆಯಿರಿ. ತುಳಿತಕ್ಕೆ ಸಿಕ್ಕಿ ಗಟ್ಟಿಯಾದ ಹಿಮ ನೆಲವನ್ನು ಚಳಿಯಿಂದ ಅಷ್ಟಾಗಿ ಕಾಯಲಾರದು.