ಉಪ್ಪುನೀರಿನ ಗದ್ದೆ

ಗಜನಿ (ನಾಮಪದ)

ಅಘನಾಶಿನಿ ಅಳಿವೆಯ ಸುದ್ದಿಗಳಲ್ಲಿ ಈ ಪದ ಮತ್ತೆ ಮತ್ತೆ ಬರುತ್ತದೆ. ಘಟ್ಟದ ಮೇಲಿನ ಓದುಗರಿಗೆ ಮಹಮೂದನ ಊರೋ, ಒಂದು ಸಿನಿಮಾವೋ ನೆನಪಾಗುತ್ತದೆ. ಅವುಗಳಿಗೂ ಇದಕ್ಕೂ ನಂಟಿಲ್ಲ. ಉತ್ತರ ಕನ್ನಡದ ಕರಾವಳಿಯಲ್ಲಿ ಗಜನಿ ಎಂದರೆ ಉಬ್ಬರದ ಉಪ್ಪುನೀರು ನುಗ್ಗುವ ತಗ್ಗಿಗೆ ಒಡ್ಡು ಕಟ್ಟಿ ಮಾಡಿಕೊಂಡ ಗದ್ದೆ.

ಗೋವೆಯ ಕೊಂಕಣಿಯಲ್ಲಿ ಇಂಥ ಭೂಮಿ ‘ಖಾಜನ್’. ಅಲ್ಲಿನ ಪ್ರಾಚೀನ ತಾಮ್ರಪಟಗಳಲ್ಲಿ ‘ಖಜ್ಜನ’ ಎಂಬ ರೂಪವಿದೆ. ನಮ್ಮ ಗಜನಿಯೂ ಅದೇ ಬಳಗದ್ದೆಂದು ತೋರುತ್ತದೆ. ಮರಾಠಿಯ ‘ಖಾರ್’ ಬೇರೆಯದು, ಸಂಸ್ಕೃತದ ‘ಕ್ಷಾರ’ದಿಂದ ಬಂದದ್ದು. ಸರ್ಕಾರಿ ಕಡತಗಳ ‘ಖಾರ್‌ಲ್ಯಾಂಡ್’ ಅದರ ಕವಲು. ಉತ್ತರ ಮಲಬಾರಿನಲ್ಲಿ ಇಂಥದ್ದಕ್ಕೆ ‘ಕೈಪ್ಪಾಡ್’ ಎನ್ನುತ್ತಾರೆ.

ಗಜನಿಯ ಬೆಳೆ ಕಗ್ಗ ಭತ್ತ. ಕುಮಟಾ ತಾಲ್ಲೂಕಿನ ಮಾಣಿಕಟ್ಟದಲ್ಲಿ ಊರವರು ಒಟ್ಟಾಗಿ ಇದನ್ನು ಬೆಳೆದಿದ್ದಾರೆ. ಮಳೆ ನೆಲದ ಉಪ್ಪನ್ನು ತೊಳೆದ ಮೇಲೆ ಬಿತ್ತನೆ. ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಪೈರು ತಾಳಿಕೊಳ್ಳುತ್ತದೆ, ಗೊಬ್ಬರ ಬೇಡುವುದಿಲ್ಲ. ಕೊಯ್ಲಾದ ಮೇಲೆ ಒಡ್ಡಿನ ಬಾಗಿಲ ಹಲಗೆ ಎತ್ತಿ ಉಬ್ಬರದ ನೀರು ಬಿಟ್ಟುಕೊಂಡರೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ!

ಸಿಗಡಿ ಕೃಷಿಯ ಅಬ್ಬರ ಬಂದ ಮೇಲೆ ಹಲವರ ಬಾಯಲ್ಲಿ ಗಜನಿ ಎಂದರೆ ಸಿಗಡಿ ಹೊಂಡ ಎಂದಷ್ಟೇ ಆಗಿದೆ. ಇನ್ನು ಕೆಲವರು ಅದನ್ನು ‘ಜವುಗು’, ‘ಪಾಳು’ ಎಂದು ಬರೆಯುತ್ತಾರೆ. ಇದು ಶುದ್ಧ ತಪ್ಪು. ಒಡ್ಡು ಹಾಕಿ, ವರ್ಷವರ್ಷವೂ ಮಣ್ಣು ಮೆತ್ತಿ ಕಾಯ್ದ ನೆಲ ಪಾಳಲ್ಲ. ಒಡ್ಡು ಒಡೆದು ಬಿಟ್ಟ ಗಜನಿಗೆ ಮಾತ್ರ ಆ ಮಾತು ಸಲ್ಲುತ್ತದೆ.