ಒಂದು ಕೋಣೆ, ಎರಡು ಕಿಡಿ: ಮನೆಯಲ್ಲಿ ಕಟ್ಟಿದ ವಿಮಾನಗಳ ರೋಟರಿ ಎಂಜಿನ್ ಮತ್ತು ಟೈಮಿಂಗ್‌ನ ಚರಿತ್ರೆ

ವಿಮಾನದ ಪಿಸ್ಟನ್ ಎಂಜಿನ್ನುಗಳಲ್ಲಿ ಪಳಗಿದ ಮೆಕ್ಯಾನಿಕ್ ಮೊದಲ ಸಲ ಮಜ್ದಾ 13ಬಿ ರೋಟರಿ ಎಂಜಿನ್ನಿನ ಮುಂದೆ ಟೈಮಿಂಗ್ ಲೈಟ್ ಹಿಡಿದರೆ ತಬ್ಬಿಬ್ಬಾಗುವುದು ಸಹಜ. ಆ ಎಂಜಿನ್ ಹೊತ್ತ ಎರಡನೇ ತಲೆಮಾರಿನ ಆರ್‌ಎಕ್ಸ್-7 ಕಾರಿನ ಪುಲ್ಲಿಯ ಅಂಚಿನಲ್ಲಿ ಹಳದಿ, ಕೆಂಪು ಎಂದು ಎರಡು ಗುರುತುಗಳಿವೆ. ಎಂಜಿನ್ ಐಡಲಿಂಗ್‌ನಲ್ಲಿರುವಾಗ ಲೀಡಿಂಗ್ ಪ್ಲಗ್ಗಿನ ಕಿಡಿ ಹಳದಿಗೆ, ಟ್ರೇಲಿಂಗ್ ಪ್ಲಗ್ಗಿನ ಕಿಡಿ ಕೆಂಪಿಗೆ ಕೂಡಬೇಕು. ಹಳದಿ ಇರುವುದು ಟಾಪ್ ಡೆಡ್ ಸೆಂಟರ್ ದಾಟಿ 5 ಡಿಗ್ರಿಗೆ, ಕೆಂಪು 20 ಡಿಗ್ರಿಗೆ. ಲೈಕಮಿಂಗ್ ಒ-360 ಎಂಜಿನ್ನಿನ ಮ್ಯಾಗ್ನೆಟೊಗಳನ್ನು ಸಾಮಾನ್ಯವಾಗಿ ಟಾಪ್ ಡೆಡ್ ಸೆಂಟರಿಗೆ 25 ಡಿಗ್ರಿ ಮುಂಚೆಯೇ ಕೂರಿಸುವವನಿಗೆ ಇದು ತಲೆಕೆಳಗಾದ ಲೆಕ್ಕ.

ಈ ಗೊಂದಲದ ಬೇರು ಪ್ಲಗ್ ಎಂಬ ಒಂದೇ ವಸ್ತುವಿಗೆ ಎರಡು ಪರಂಪರೆಗಳು ಕೊಟ್ಟ ಎರಡು ಅರ್ಥಗಳಲ್ಲಿದೆ ಎಂಬುದು ನನ್ನ ವಾದ. ವಿಮಾನದವರಿಗೆ ಎರಡನೇ ಪ್ಲಗ್ ಎಂದರೆ ಮೊದಲನೆಯದು ಕೈಕೊಟ್ಟಾಗ ಒದಗುವ ಜೋಡಿ. ಎರಡೂ ಒಂದೇ ಗಳಿಗೆಯಲ್ಲಿ ಕಿಡಿ ಹಾರಿಸುತ್ತವೆ, ಎರಡಕ್ಕೂ ಸಮಾನ ಹಕ್ಕು. ರೋಟರಿಯಲ್ಲಿ ಅವು ಸಮಾನವಲ್ಲ.

ಫೆಲಿಕ್ಸ್ ವ್ಯಾಂಕೆಲ್ ರೂಪಿಸಿದ ಎಂಜಿನ್ ಜರ್ಮನಿಯ ಎನ್‌ಎಸ್‌ಯು ಕಂಪನಿಯಲ್ಲಿ 1957ರಲ್ಲಿ ಮೊದಲು ಓಡಿತು. 1964ರ ಎನ್‌ಎಸ್‌ಯು ಸ್ಪೈಡರ್ ಕಾರಿಗೆ ಒಂದೇ ಪ್ಲಗ್. 1967ರ ರೋ 80 ಕಾರಿನಲ್ಲಿ ಅದೇ ಕಂಪನಿ ಒಳಗೆ ತಿರುಗುವ ಪ್ರತಿ ರೋಟರ್‌ಗೆ ಎರಡೆರಡು ಇಟ್ಟು, ಮುಂದೆ ಮತ್ತೆ ಒಂದಕ್ಕೆ ಇಳಿಸಿತು. ಎರಡನ್ನು ಬಿಡದೆ ಹಿಡಿದುಕೊಂಡದ್ದು ಜಪಾನಿನ ಮಜ್ದಾ. 1967ರ ಕಾಸ್ಮೊ ಸ್ಪೋರ್ಟ್‌ನಿಂದಲೇ ಅಲ್ಲಿ ಪ್ರತಿ ರೋಟರ್‌ಗೆ ಎರಡು ಪ್ಲಗ್. 1991ರಲ್ಲಿ ಲ ಮಾನ್ ಗೆದ್ದ 787ಬಿ ಕಾರಿನಲ್ಲಿ ಮೂರು.

ಕಾರಣ ಉರಿಯುವ ಕೋಣೆಯ ಆಕಾರದಲ್ಲಿದೆ. ಅದು ಉದ್ದ, ತೆಳು, ಸಾಲದ್ದಕ್ಕೆ ರೋಟರಿನ ಜೊತೆಗೇ ಜಾರುತ್ತಿರುತ್ತದೆ. ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ತಿರುಗುವ ದಿಕ್ಕಿಗೇ ನುಗ್ಗುವುದರಿಂದ ಜ್ವಾಲೆ ಮುಂದಕ್ಕೆ ಸುಲಭವಾಗಿ ಹಬ್ಬುತ್ತದೆ, ಹಿಂದಕ್ಕೆ ಹೋಗಲು ತಿಣುಕುತ್ತದೆ. ಹೆಚ್ಚಿನ ಕೆಲಸ ಲೀಡಿಂಗ್ ಪ್ಲಗ್ಗಿನದು. ಬಾಲದಲ್ಲಿ ಉಳಿದ ಮಿಶ್ರಣವನ್ನು ಉರಿಸುವುದು ಟ್ರೇಲಿಂಗ್‌ನದು. ಹೌಸಿಂಗ್ ಬಿಚ್ಚಿ ಒಳಗೋಡೆಯ ಮೇಲೆ ಬೆರಳಾಡಿಸಿದರೆ ಈ ಅಸಮಾನತೆ ಕೈಗೇ ಸಿಗುತ್ತದೆ. ಲೀಡಿಂಗ್ ತೂತು ಅಗಲ, ಟ್ರೇಲಿಂಗ್ ತೂತು ಕಿರಿದು. ರೋಟರಿನ ತುದಿಯಲ್ಲಿರುವ ಅಪೆಕ್ಸ್ ಸೀಲು ಟ್ರೇಲಿಂಗ್ ತೂತಿನ ಮೇಲೆ ಹಾಯುವಾಗ ಅದರ ಎರಡು ಬದಿಯ ಕೋಣೆಗಳ ನಡುವೆ ಒತ್ತಡದ ಅಂತರ ಬಹಳ. ತೂತು ದೊಡ್ಡದಾದರೆ ಅನಿಲ ಸೋರಿಹೋಗುತ್ತದೆ.

ಆರ್‌ಎಕ್ಸ್-7 1978ರಲ್ಲಿ ಮಾರುಕಟ್ಟೆಗೆ ಬಂತು. ಅಮೆರಿಕದಲ್ಲಿ ಅದು ಹೇರಳವಾಗಿ ಮಾರಾಟವಾಗಿ, ಕ್ರಮೇಣ ಗುಜರಿಗಳಲ್ಲಿ ಅಗ್ಗದ ರೋಟರಿಗಳು ಸಿಗತೊಡಗಿದವು. ಲಾಂಗ್-ಈಜಿ, ಆರ್‌ವಿ ಮಾದರಿಯ ವಿಮಾನಗಳನ್ನು ಶೆಡ್ಡಿನಲ್ಲಿ ಕಟ್ಟುತ್ತಿದ್ದ ಹವ್ಯಾಸಿಗಳು ಅವನ್ನು ಎತ್ತಿಕೊಂಡರು, 2.17:1 ಅಥವಾ 2.85:1ರ ರಿಡಕ್ಷನ್ ಗೇರ್ ಹಾಕಿ ಪ್ರೊಪೆಲರ್ ತಿರುಗಿಸಿದರು. ಟೈಮಿಂಗ್ ಮಾತ್ರ ಕಾರಿನದೇ ಉಳಿದಿತ್ತು. ಮೊದಲ ಆರ್‌ಎಕ್ಸ್-7ರ ಡಿಸ್ಟ್ರಿಬ್ಯೂಟರಿನಲ್ಲಿ ಲೀಡಿಂಗ್‌ಗೆ ಒಂದು, ಟ್ರೇಲಿಂಗ್‌ಗೆ ಇನ್ನೊಂದು ಪಾಯಿಂಟ್ ಸೆಟ್. ಜೊತೆಗೆ ವೇಗಕ್ಕೆ ತಕ್ಕಂತೆ ಕಿಡಿಯನ್ನು ಹಿಂದುಮುಂದಾಗಿಸುವ ತೂಕಗಳು, ವ್ಯಾಕ್ಯೂಮ್ ಡಯಾಫ್ರಾಮುಗಳು. ಇವೆಲ್ಲ ಸಿಗ್ನಲ್ಲಿನಲ್ಲಿ ನಿಂತು ಹೊರಡುವ ಬದುಕಿಗೆ ಹೊಂದಿಸಿದ್ದು. ವಿಮಾನ ಗಂಟೆಗಟ್ಟಲೆ ಒಂದೇ ವೇಗದಲ್ಲಿ ದುಡಿಯುತ್ತದೆ.

ಹಾಗಾಗಿ ಕೆಲವರು ಅಡ್ವಾನ್ಸನ್ನು ಮ್ಯಾಗ್ನೆಟೊದಂತೆ ಒಂದೇ ಅಂಕಿಗೆ ಬಿಗಿದರು: ಟಾಪ್ ಡೆಡ್ ಸೆಂಟರಿಗೆ 20 ಡಿಗ್ರಿಯ ಆಸುಪಾಸು ಮುಂಚೆ, ಎರಡು ಪ್ಲಗ್ಗಿಗೂ ಒಟ್ಟಿಗೆ. ಅದರಲ್ಲಿ ಅರ್ಥವಿಲ್ಲದಿಲ್ಲ. ನಿಮಿಷಕ್ಕೆ 6000 ಸುತ್ತಿನಲ್ಲಿ 20 ಡಿಗ್ರಿ ಎಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗದ ಸುಮಾರು ಅರ್ಧ. ಆ ವೇಗದಲ್ಲಿ ಟ್ರೇಲಿಂಗ್ ಕಿಡಿಯನ್ನು ಕಾಯಿಸುವುದರಿಂದ ಲಾಭ ಕಡಿಮೆ. ಆದರೆ ಟರ್ಬೊ ಹಾಕಿದ ಎಂಜಿನ್ನಿಗೆ ಇದೇ ಅಂಕಿ ಮಾರಕವಾಗಬಲ್ಲದು. ಕಿಡಿ ಬೇಗ ಬಿದ್ದು ನಾಕಿಂಗ್ ಹತ್ತಿದರೆ ಅಪೆಕ್ಸ್ ಸೀಲು ಮುರಿಯುತ್ತದೆ, ಮುರಿದ ತುಂಡು ಹೌಸಿಂಗನ್ನೇ ಗೀರುತ್ತದೆ. ಭಯದಿಂದ ಕಿಡಿಯನ್ನು ತಡಮಾಡಿದರೆ ಉರಿ ಎಕ್ಸಾಸ್ಟಿಗೆ ಜಾರುತ್ತದೆ. ಮೊದಲೇ ಪಿಸ್ಟನ್ ಎಂಜಿನ್ನಿನದಕ್ಕಿಂತ ಬಿಸಿಯಾಗಿರುವ ರೋಟರಿಯ ಹೊಗೆ ಸೈಲೆನ್ಸರನ್ನು ಸುಟ್ಟು ಹಾಕುತ್ತದೆ. ಟರ್ಬೊ ಇಲ್ಲದ ಎಂಜಿನ್ನಿನದು ಬೇರೆಯೇ ಚಿಂತೆ. 8000 ಅಡಿಯಲ್ಲಿ ಗಾಳಿಯ ಒತ್ತಡ ಪಾದರಸದ 22 ಇಂಚಿಗೆ ಇಳಿದು, ಮಿಶ್ರಣವನ್ನೂ ತೆಳು ಮಾಡಿದಾಗ ಅದು ನಿಧಾನವಾಗಿ ಉರಿಯುತ್ತದೆ, ಕಿಡಿ ಇನ್ನಷ್ಟು ಬೇಗ ಬೇಕಾಗುತ್ತದೆ. ಒಂದೇ ಅಂಕಿ ನೆಲಕ್ಕೂ ಆಕಾಶಕ್ಕೂ ಸಲ್ಲದು. ಒತ್ತಡ ನೋಡಿ ಕಿಡಿಯನ್ನು ಸರಿಸುವ ಎಲೆಕ್ಟ್ರಾನಿಕ್ ಕಂಟ್ರೋಲರುಗಳು ಬಂದಾಗ ಹವ್ಯಾಸಿಗಳು ಅವುಗಳತ್ತ ಹೊರಳಿದ್ದು ಇದಕ್ಕೇ.

ರೋಟರಿಯಲ್ಲಿ ಇಗ್ನಿಷನ್ ತಾನೇ ಒಂದು ಬೇರೆ ಕಸುಬು ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿಯಿದೆ. ಕೋಲಾರದ ಬಳಿ 2009ರಲ್ಲಿ ಹಾರಿದ ನಿಶಾಂತ್ ಚಾಲಕರಹಿತ ವಿಮಾನದ 55 ಅಶ್ವಶಕ್ತಿಯ ವ್ಯಾಂಕೆಲ್ ಎಂಜಿನ್ನಿನ ತಿರುಳನ್ನು ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್ ರೂಪಿಸಿತು. ಇಗ್ನಿಷನ್ ಮತ್ತು ಇಂಧನ ವ್ಯವಸ್ಥೆಗಳನ್ನು ಅಹ್ಮದ್‌ನಗರದ ವಾಹನ ಸಂಶೋಧನಾ ಸಂಸ್ಥೆ ವಿಆರ್‌ಡಿಇ.

ಎರಡು ಅರ್ಥಗಳ ಜಟಾಪಟಿ ಇಂದಿಗೂ ಪ್ರತಿ ಹಾರಾಟದ ಮುಂಚೆ ಕಣ್ಣಿಗೆ ಬೀಳುತ್ತದೆ. ರನ್‌ವೇ ಅಂಚಿನಲ್ಲಿ ಪೈಲಟ್ ವಾಡಿಕೆಯಂತೆ ಒಂದು ಇಗ್ನಿಷನ್ ಆರಿಸಿ, ಹಚ್ಚಿ, ಇನ್ನೊಂದನ್ನು ಆರಿಸುತ್ತಾನೆ. ಲೈಕಮಿಂಗ್‌ನಲ್ಲಿ ಎರಡು ಸಲವೂ ಆರ್‌ಪಿಎಂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಇಳಿಯಬೇಕು, ಇಳಿಯದಿದ್ದರೆ ದೋಷ ಹುಡುಕಬೇಕು. ರೋಟರಿಯಲ್ಲಿ ಟ್ರೇಲಿಂಗ್ ಆರಿಸಿದರೆ ಮುಳ್ಳು ಕೊಂಚವೇ ಅಲುಗುತ್ತದೆ. ಲೀಡಿಂಗ್ ಆರಿಸಿದರೆ ಎದ್ದು ಕಾಣುವಷ್ಟು ಕುಸಿಯುತ್ತದೆ. ಅಲ್ಲಿ ಆ ವ್ಯತ್ಯಾಸವೇ ಎಂಜಿನ್ ಸರಿಯಿರುವ ಗುರುತು.